ಲಗೇಜಿಗೆ ಕೊಟ್ಟ ಸರ್ಟಿಫಿಕೇಟು

೨೦೨೨ರ ನವೆಂಬರ್ ತಿಂಗಳು. ನಾನು ಆಗ ಯಲ್ಲಾಪುರದಲ್ಲಿ ಪಶುವೈದ್ಯಾಧಿಕಾರಿ. ಸಿದ್ದಾಪುರದಲ್ಲಿ ನೌಕರಿ ಶುರುಮಾಡಿ, ಶಿರಸಿಯ ಹಳ್ಳಿಗಳಲ್ಲಿ ಹನ್ನೆರಡು ವರ್ಷ ತಿರುಗಿ, ಕೊನೆಯ ಪೋಸ್ಟಿಂಗ್ ಎಂದು ಇಲ್ಲಿಗೆ ಬಂದಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಆ ಸಲ ದನಗಳಿಗೆ ಚರ್ಮಗಂಟು ರೋಗ ಬಂದು, ಬೆಳಗಾದರೆ ಲಸಿಕೆಯ ಐಸ್ ಪೆಟ್ಟಿಗೆ ಹೊತ್ತು ಹಳ್ಳಿಗೆ ಹೋಗುವುದು, ಮಧ್ಯಾಹ್ನದ ಮೇಲೆ ಬಂದು ಅದರ ಲೆಕ್ಕ ಬರೆಯುವುದು, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ದನದ ಡಾಕ್ಟರು. ನಾಯಿ ಎಂದರೆ ನನಗೆ ರೇಬೀಸ್ ಚುಚ್ಚುಮದ್ದು, ಜಂತಿನ ಮಾತ್ರೆ, ಹಂದಿ ತಿವಿದ ಗಾಯಕ್ಕೆ ಹೊಲಿಗೆ, ಅಷ್ಟೇ. ನಾಯಿಯ ಮನಸ್ಸಿನ ಬಗ್ಗೆ ಮಾತಾಡುವವರನ್ನು ಕಂಡರೆ ಒಳಗೊಳಗೇ ನಗುತ್ತಿದ್ದೆ. ಹಸುವಿನ ಹೊಟ್ಟೆಯೊಳಗೆ ಹೆಗಲ ತನಕ ಕೈ ಹಾಕಿ ಅಡ್ಡ ಬಿದ್ದ ಕರುವನ್ನು ತಿರುಗಿಸಿದವಳಿಗೆ ಇಂಥ ನಾಜೂಕಿನ ಕೇಸುಗಳು ಆಟದ ಹಾಗೆ ಕಾಣುತ್ತಿದ್ದವು. ಅಹಂಕಾರ ಎನ್ನಿ, ಪರವಾಗಿಲ್ಲ.

ಒಂದು ಮಂಗಳವಾರ ಸಂಜೆ ನಾಲ್ಕರ ಹೊತ್ತಿಗೆ ಖಾಕಿ ಸಮವಸ್ತ್ರದ ಹೆಂಗಸೊಬ್ಬಳು ಬಂದಳು. ಹೆಸರು ರೇಣುಕಾ, ಹಾನಗಲ್ ಕಡೆಯವಳು, ಯಲ್ಲಾಪುರ-ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್. ವಯಸ್ಸು ನಲವತ್ತರ ಆಸುಪಾಸು. ಜೊತೆಗೆ ಹಗ್ಗದಲ್ಲಿ ಒಂದು ಕಂದು ಬಣ್ಣದ ನಾಟಿ ನಾಯಿ, ಒಂದು ಕಿವಿ ಮಡಚಿಕೊಂಡಿದೆ. ಹೆಸರೇನು ಎಂದರೆ ‘ಲಗೇಜು’ ಎಂದಳು. ಆರು ವರ್ಷದ ಹಿಂದೆ ಕೊನೆಯ ಟ್ರಿಪ್ಪಿನಲ್ಲಿ ಹಿಂದಿನ ಸೀಟಿನ ಕೆಳಗೆ ಒಂದು ಕೈಚೀಲ ಉಳಿದಿತ್ತಂತೆ. ವಾರಸುದಾರರು ಯಾರೂ ಬರಲಿಲ್ಲ. ಬಿಚ್ಚಿದರೆ ಒಳಗೆ ಕಣ್ಣು ಬಿಡದ ಮರಿ. ಲಗೇಜು ಎಂದು ಡಿಪೋದವರು ನಗೆಚಾಟಿಕೆಗೆ ಇಟ್ಟ ಹೆಸರೇ ನಿಂತುಬಿಟ್ಟಿತ್ತು.

ಚುಚ್ಚುಮದ್ದಿಗೆ ಬಂದಿರಬೇಕು ಎಂದುಕೊಂಡೆ. ಅವಳಿಗೆ ಬೇಕಾಗಿದ್ದು ಒಂದು ಸರ್ಟಿಫಿಕೇಟು. ನಮ್ಮ ಕೆಲಸದಲ್ಲಿ ಬರೆದುಕೊಡುವುದು ದಿನನಿತ್ಯದ್ದು. ವಿಮೆಗಾಗಿ ದನದ ಬೆಲೆ ಬರೆದಿದ್ದೇನೆ, ಸತ್ತ ಎಮ್ಮೆಯ ಮರಣೋತ್ತರ ವರದಿ ಬರೆದಿದ್ದೇನೆ, ಆರೋಗ್ಯವಾಗಿದೆ ಎಂದು ಬರೆದು ಸೀಲು ಒತ್ತಿದ್ದೇನೆ. ಆದರೆ ‘ಈ ನಾಯಿ ಮನೆಯಲ್ಲಿ ಒಂಟಿಯಾಗಿ ಇರಬಲ್ಲದೋ ಇಲ್ಲವೋ ಬರೆದುಕೊಡಿ’ ಎಂದು ಕೇಳಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ.

ವಿಷಯ ಇಷ್ಟು. ರೇಣುಕಾ ಇದ್ದಿದ್ದು ಬಸ್ ಸ್ಟ್ಯಾಂಡಿನ ಹಿಂದೆ ಐದು ಮನೆಗಳ ಒಂದು ಚಾಳಿನಲ್ಲಿ. ಒಬ್ಬಳೇ ಇರುವುದು. ಬೆಳಿಗ್ಗೆ ಆರಕ್ಕೆ ಹೊರಟರೆ ಬರುವುದು ಮೂರಕ್ಕೆ. ಅಷ್ಟು ಹೊತ್ತು ನಾಯಿ ಒಳಗೆ. ಹಿಂದುಗಡೆ ಗೋಡೆ ಕಟ್ಟಿದ ಪುಟ್ಟ ಅಂಗಳವಿದೆ, ಆ ಬಾಗಿಲು ತೆರೆದೇ ಇರುತ್ತದೆ. ಹಳೆಯ ಮನೆಯಲ್ಲಿ ಐದು ವರ್ಷ ಹೀಗೇ ನಡೆದಿತ್ತು, ತಕರಾರು ಬಂದಿರಲಿಲ್ಲ. ಈ ಚಾಳಿಗೆ ಬಂದು ಎಂಟು ತಿಂಗಳಾಗಿತ್ತು, ಇಲ್ಲಿ ನಾಯಿ ದಿನವಿಡೀ ಊಳಿಡುತ್ತದೆ ಎಂಬ ದೂರು. ಚಾಳಿನ ಯಜಮಾನರಾದ ಹೆಗಡೆಯವರು ಕೆಟ್ಟ ಮನುಷ್ಯರಲ್ಲ, ಅವಳನ್ನು ಕರೆದು ಸಮಾಧಾನದಿಂದಲೇ ಹೇಳಿದ್ದರು: ನಮಗೆ ಗಲಾಟೆಯಾಗುತ್ತದೆ ಎನ್ನುವುದಕ್ಕಿಂತ ಆ ಮೂಕಪ್ರಾಣಿಗೆ ಹಿಂಸೆಯಾಗುತ್ತಿದೆ. ಡಾಕ್ಟರು ಇರಬಲ್ಲದು ಎಂದು ಬರೆದುಕೊಟ್ಟರೆ ಇರಲಿ, ಇಲ್ಲವಾದರೆ ಹದಿನೈದು ದಿನದಲ್ಲಿ ಅದಕ್ಕೊಂದು ದಾರಿ ಮಾಡು. ದಾರಿಯೂ ಸಿದ್ಧವಿತ್ತು. ಎಕ್ಕಂಬಿಯಲ್ಲಿ ಒಬ್ಬರಿಗೆ ಅಕ್ಕಿ ಗಿರಣಿ ಕಾಯಲು ನಾಯಿ ಬೇಕಿತ್ತು, ಸರಪಳಿಯಲ್ಲಿ ಕಟ್ಟಿ ಸಾಕುವವರು.

ನಾನು ಲಸಿಕೆಯ ಲೆಕ್ಕದಲ್ಲಿ ತಲೆ ತಗ್ಗಿಸಿಕೊಂಡೇ, ನಾಯಿ ಸಾಕುವ ಮೊದಲು ಇದನ್ನೆಲ್ಲ ಯೋಚಿಸಬೇಕಿತ್ತು ಎಂದೇನೋ ಅಂದೆ. ಅವಳು ಹಗ್ಗವನ್ನು ಕೈಗೆ ಸುತ್ತಿಕೊಂಡು ಹೇಳಿದಳು:

“ಇದು ಒಂದ ಇರೂದಿಲ್ಲಂತ ನೀವು ಬರದ್ರ ನಾ ಕೊಟ್ಟಬಿಡ್ತೀನ್ರೀ ಮೇಡಂ. ಅದರ ಜೀವಾ ಹಿಂಡಿ ನಾ ಇಟ್ಗೊಳ್ಳೂದಿಲ್ಲ. ಆದ್ರ ನೋಡಿ ಬರೀರಿ, ಕೇಳಿ ಬರೀಬ್ಯಾಡ್ರಿ.”

ಪೆನ್ನು ಕೆಳಗಿಟ್ಟೆ. ದಿನಾ ನೂರಾರು ಜನರ ಸಬೂಬು ಕೇಳಿ ಪಳಗಿದ ಹೆಂಗಸು, ಕೇಳಿದ್ದಕ್ಕೂ ನೋಡಿದ್ದಕ್ಕೂ ಇರುವ ಅಂತರ ಅವಳಿಗೆ ಗೊತ್ತಿತ್ತು. ನನಗೆ ಒಂದು ಕ್ಷಣ ಸಿಟ್ಟು ಬಂದದ್ದೂ ನಿಜ. ನನಗೆ ಹೇಳಿಕೊಡಲು ಬಂದಳಲ್ಲ ಎಂದು. ಸಿಟ್ಟಿನಲ್ಲೇ ಒಪ್ಪಿಕೊಂಡೆ. ಗುರುವಾರ ಬಂದು ನೋಡುತ್ತೇನೆ ಎಂದೆ. ನಿನ್ನ ಬಳಿ ಹಳೇ ಫೋನು ಇದ್ದರೆ ಅವತ್ತು ಹೊರಡುವಾಗ ಚಾರ್ಜಿಗೆ ಹಾಕಿ, ಗೋಡೆಯ ಮಾಡದಲ್ಲಿ ನಿಲ್ಲಿಸಿ, ವಿಡಿಯೋ ಹಚ್ಚಿಟ್ಟು ಹೋಗು ಎಂದೂ ಹೇಳಿದೆ. ನಿಜ ಹೇಳಬೇಕೆಂದರೆ ಈ ವಿಡಿಯೋ ನನ್ನ ಬುದ್ಧಿಯಲ್ಲ. ಹಿಂದೊಮ್ಮೆ ಒಂದು ತರಬೇತಿಯಲ್ಲಿ ನಾಯಿಗಳ ಡಾಕ್ಟರೊಬ್ಬರು ಹೇಳಿದ್ದು ಅರ್ಧ ನಿದ್ದೆಯಲ್ಲಿ ಕಿವಿಗೆ ಬಿದ್ದಿತ್ತು.

ಆ ತರಬೇತಿಯ ಟಿಪ್ಪಣಿಯನ್ನು ಬುಧವಾರ ಹುಡುಕಿ ತೆಗೆದು ಓದಿದೆ. ಸೆಪರೇಶನ್ ಆಂಗ್ಸೈಟಿ ಎಂದು ಇದಕ್ಕೆ ಹೆಸರು. ಸಾಕಿದವರು ಬಿಟ್ಟುಹೋದಾಗ ಕೆಲವು ನಾಯಿಗಳಿಗೆ ಹುಟ್ಟುವ ವಿಪರೀತ ದಿಗಿಲು. ಅಂಥ ನಾಯಿ ಬಾಗಿಲು ಕೆರೆಯುತ್ತದೆ, ಜೊಲ್ಲು ಸುರಿಸುತ್ತದೆ, ಕಂಡಲ್ಲಿ ಉಚ್ಚೆ ಹೊಯ್ಯುತ್ತದೆ, ಇಟ್ಟ ಅನ್ನ ಮುಟ್ಟುವುದಿಲ್ಲ, ಊಳಿಡುತ್ತದೆ. ಇದೆಲ್ಲ ಸಾಮಾನ್ಯವಾಗಿ ಶುರುವಾಗುವುದು ಮನೆಯವರು ಹೊರಟ ಮೊದಲ ಅರ್ಧ ಗಂಟೆಯೊಳಗೆ. ಬೇಜಾರಿಗೆ ಬೊಗಳುವ ನಾಯಿಯೇ ಬೇರೆ, ದಿಗಿಲಿಗೆ ಊಳಿಡುವ ನಾಯಿಯೇ ಬೇರೆ. ಮೊದಲಿನದಕ್ಕೆ ಏನಾದರೂ ಉಪಾಯ ಮಾಡಬಹುದು. ಎರಡನೆಯದನ್ನು ದಿನಕ್ಕೆ ಒಂಬತ್ತು ಗಂಟೆ ಒಂಟಿ ಬಿಡುವುದು ಪಾಪದ ಕೆಲಸ.

ಗುರುವಾರ ಹತ್ತು ಗಂಟೆಗೆ ಚಾಳಿಗೆ ಹೋದೆ. ಐದು ಮನೆಗಳ ಎದುರು ಒಂದು ಓಣಿ. ಓಣಿಯ ತುದಿಗೆ ಎಲ್ಲರಿಗೂ ಸೇರಿದ ನಲ್ಲಿ, ಪಕ್ಕದಲ್ಲಿ ಬಟ್ಟೆ ಒಣಗಿಸುವ ತಂತಿ. ರೇಣುಕಾಳ ಮನೆಯ ಕಿಟಕಿ ಆ ಓಣಿಗೇ ಬಾಯಿ ತೆರೆದಿದೆ. ಮೊದಲು ಸಾಕ್ಷಿಗಳನ್ನು ಕೇಳೋಣ ಎಂದು ಪಕ್ಕದ ಮನೆಯ ಸಾವಿತ್ರಕ್ಕನ ಹತ್ತಿರ ಕೂತೆ. ಅರವತ್ತು ದಾಟಿದ, ಬಾಯಿಯೂ ಮನಸ್ಸೂ ದೊಡ್ಡದಾದ ಹೆಂಗಸು. ಚಹಾ ಕೊಟ್ಟು, ನಾಯಿಯ ಕಥೆ ಹೇಳುತ್ತ ಕಣ್ಣೊರೆಸಿಕೊಂಡರು. ಅದು ಕೂಗುವುದನ್ನು ಕೇಳಲಾಗುವುದಿಲ್ಲ, ದಿನಾ ಬೆಳಿಗ್ಗೆ ಎಂಟೂವರೆಗೆ ಶುರು, ತಪ್ಪುವುದೇ ಇಲ್ಲ ಎಂದರು. ಆಚೆ ಮನೆಯ ಶಾಲಾ ಶಿಕ್ಷಕಿ ರಜೆಯಿಲ್ಲದ್ದರಿಂದ ಚೀಟಿ ಬರೆದಿಟ್ಟು ಹೋಗಿದ್ದರು: ಒಂಬತ್ತರ ಸುಮಾರಿಗೆ ನಾಯಿ ಗೋಳಾಡುತ್ತದೆ, ದಯವಿಟ್ಟು ಏನಾದರೂ ಮಾಡಿ. ಹೆಗಡೆಯವರಂತೂ ಸ್ವತಃ ಪರೀಕ್ಷೆ ನಡೆಸಿದ್ದರು.

“ಡಾಕ್ಟ್ರೇ, ಆನು ದಿನಾ ಹನ್ನೆರಡು ಗಂಟೆಗೆ ಹೋಗಿ ನೋಡ್ತೆ. ಒಂದು ದಿನವೂ ಅದು ಕೂಗದ್ದೆ ಇದ್ದಿದ್ದಿಲ್ಲೆ” ಎಂದರು.

ಮೂರು ಸಾಕ್ಷಿ, ಒಂದೇ ಮಾತು. ಯಾರೂ ಸುಳ್ಳು ಹೇಳುವ ಜನವಲ್ಲ. ಆಮೇಲೆ ನಾನೇ ಎದ್ದು ಕಿಟಕಿಗೆ ಹೋದೆ, ಹತ್ತು ನಲವತ್ತಕ್ಕೆ. ನಾಯಿ ಕಿಟಕಿಯ ಹತ್ತಿರ ಬಂದು ಬಾಲ ಆಡಿಸಿತು. ಎರಡು ಮಾತಾಡಿಸಿ, ಹಲ್ಲು ಒಸಡು ದೂರದಿಂದಲೇ ನೋಡಿ, ಅಲ್ಲಿಂದ ಹತ್ತು ಹೆಜ್ಜೆ ಬಂದಿದ್ದೆನೋ ಇಲ್ಲವೋ, ಹಿಂದಿನಿಂದ ಊಳು ಎದ್ದಿತು. ಕರುಳು ಹಿಂಡುವ ಊಳು. ಸಾವಿತ್ರಕ್ಕ ಹೊಸ್ತಿಲಲ್ಲಿ ನಿಂತು ನನ್ನತ್ತ ನೋಡಿದರು. ಕೇಳಿದೆಯಲ್ಲ, ಇನ್ನೇನು ಬೇಕು ಎನ್ನುವ ನೋಟ. ನಾನು ತಲೆಯಾಡಿಸಿ ಬಂದೆ. ಆಫೀಸಿಗೆ ಬಂದವಳೇ ಲೆಟರ್‌ಹೆಡ್ ತೆಗೆದು ಬರೆದೂಬಿಟ್ಟೆ: ‘ಸದರಿ ನಾಯಿಗೆ ಒಂಟಿತನದ ತೀವ್ರ ಆತಂಕವಿದ್ದು, ದೀರ್ಘಕಾಲ ಒಂಟಿಯಾಗಿ ಬಿಡುವುದು ಸೂಕ್ತವಲ್ಲ.’ ಸಹಿ ಮಾಡುವುದೊಂದು ಬಾಕಿ.

ಸಹಿಗೆ ಕೈ ಏಳಲಿಲ್ಲ. ರೇಣುಕಾಳ ಮಾತು ಒಂದು ಕಾರಣ. ಇನ್ನೊಂದು, ನನ್ನ ಹಳೆಯ ಕಸುಬಿನ ಅಭ್ಯಾಸ. ಕೊಟ್ಟಿಗೆಗೆ ಹೋದರೆ ನಾನು ಮೊದಲು ದನ ನೋಡುವವಳಲ್ಲ. ಮೊದಲು ಮೇವಿನ ಗೋದಲಿ, ಆಮೇಲೆ ನೆಲ, ಆಮೇಲೆ ಸೆಗಣಿ, ಕೊನೆಗೆ ದನ. ದನದ ಯಜಮಾನ ಏನೇ ಹೇಳಲಿ, ಗೋದಲಿ ಸುಳ್ಳು ಹೇಳುವುದಿಲ್ಲ. ಈ ನಾಯಿಯ ಗೋದಲಿಯನ್ನು ನಾನು ನೋಡಿರಲೇ ಇಲ್ಲ. ಮೂವತ್ತು ವರ್ಷ ಯಾವ ನಿಯಮವನ್ನು ಹೊಸ ಡಾಕ್ಟರುಗಳಿಗೆ ಪಾಠ ಮಾಡಿದ್ದೆನೋ ಅದನ್ನು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮರೆತು ಬಂದಿದ್ದೆ.

ಮೂರೂಕಾಲಿಗೆ ಮತ್ತೆ ಚಾಳಿಗೆ ಹೋದೆ. ರೇಣುಕಾ ಆಗಷ್ಟೇ ಬಂದಿದ್ದಳು. ಬಾಗಿಲಿನ ಕೆಳಗಿನ ಹಲಗೆ ಮುಟ್ಟಿ ನೋಡಿದೆ. ಒಂದು ಗೀರಿಲ್ಲ. ನೆಲ ಒಣಗಿದೆ, ಜೊಲ್ಲಿನ ಕಲೆ ಇಲ್ಲ. ನಾಯಿಯ ಉಗುರುಗಳು ನೆಟ್ಟಗಿವೆ. ಬೆಳಿಗ್ಗೆ ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿಟ್ಟ ತಟ್ಟೆ ನೆಕ್ಕಿ ಕನ್ನಡಿಯಾಗಿತ್ತು. ದಿನಾ ಹೀಗೇ ಖಾಲಿಯಾಗುತ್ತದೆಯೇ ಎಂದು ಕೇಳಿದೆ. ಒಂದು ದಿನವೂ ಉಳಿಸಿದ್ದಿಲ್ಲ ಎಂದಳು. ದಿಗಿಲಿನಲ್ಲಿರುವ ಪ್ರಾಣಿ ಹೀಗೆ ಉಣ್ಣುವುದಿಲ್ಲ. ಮಾಡದಲ್ಲಿದ್ದ ಫೋನು ತೆಗೆದುಕೊಡು ಎಂದೆ.

ಆ ವಿಡಿಯೋವನ್ನು ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಕೂತು ನೋಡಿದೆ. ಎಂಟು ಗಂಟೆ ಐವತ್ತು ನಿಮಿಷದ್ದು. ಏನೂ ಆಗದ ಕಡೆ ಓಡಿಸಿಕೊಂಡು, ಊಳು ಕೇಳಿದ ಕಡೆ ನಿಲ್ಲಿಸಿ, ಗಳಿಗೆ ಗಳಿಗೆಯದೂ ಬರೆದುಕೊಂಡೆ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಆರು ಗಂಟೆ ಐದು ನಿಮಿಷಕ್ಕೆ ರೇಣುಕಾ ಹೊರಟಳು. ಬಾಗಿಲು ಹಾಕಿದ ಶಬ್ದ. ನಾಯಿ ಬಾಗಿಲನ್ನು ಒಮ್ಮೆ ನೋಡಿತು, ಆಕಳಿಸಿತು, ಅವಳ ಹಳೇ ಖಾಕಿ ಅಂಗಿಯ ಮೇಲೆ ಎರಡು ಸುತ್ತು ಸುತ್ತಿ ಮಲಗಿತು. ಒಂದೇ ನಿಮಿಷ. ಆರು ನಲವತ್ತಕ್ಕೆ ಎದ್ದು ರೊಟ್ಟಿ ತಿಂದಿತು, ಹಿಂದಿನ ಅಂಗಳಕ್ಕೆ ಹೋಗಿ ಬಂದಿತು, ಮತ್ತೆ ಮಲಗಿತು. ಹೀಗೆ ಎರಡೂಕಾಲು ಗಂಟೆ. ಒಂದು ಕುಂಯ್ ಇಲ್ಲ.

ಎಂಟು ಇಪ್ಪತ್ತಕ್ಕೆ ಕಿಟಕಿಯಲ್ಲಿ ಸಾವಿತ್ರಕ್ಕನ ಮುಖ. ಕೈಯಲ್ಲಿ ಕೊಡ, ಇನ್ನೊಂದು ಕೈಯಲ್ಲಿ ದೋಸೆ ತುಂಡು. “ಏ ಲಗೇಜೂ, ಒಂದೇ ಇದ್ಯಾ? ಬೇಜಾರು ಮಾಡ್ಕ್ಯಳಡ, ಬತ್ತು ಅದು” ಎಂದು, ರೇಣುಕಾ ಬರುತ್ತಾಳೆಂಬ ಸಮಾಧಾನ ಹೇಳಿ ದೋಸೆ ಕೊಟ್ಟರು. ನಾಯಿ ಎದ್ದು ಕುಣಿಯಿತು. ಅವರು ನಲ್ಲಿಗೆ ಹೋದರು. ನಾಯಿ ಕಿಟಕಿಗೆ ಕಾಲು ಕೊಟ್ಟು ನಿಂತು ನಾಲ್ಕು ನಿಮಿಷ ಊಳಿಟ್ಟಿತು. ಆಮೇಲೆ ಮಲಗಿತು. ಎಂಟು ಐವತ್ತಕ್ಕೆ ಶಿಕ್ಷಕಿ. ಶಾಲೆಗೆ ಹೋಗುವ ಅವಸರದಲ್ಲೂ ನಿಂತು, ಮುದ್ದು ಮಾಡಿ, ಹೋದರು. ಊಳು ಮೂರು ನಿಮಿಷ. ಒಂಬತ್ತೂವರೆಗೆ ಹೂ ಮಾರುವವಳು. ಎರಡು ನಿಮಿಷ. ನನಗೆ ನಗು ಬರತೊಡಗಿತು. ಓಹೋ, ಇವರೇ ಕಳ್ಳರು ಎಂದು ತೊಡೆ ತಟ್ಟಿಕೊಂಡೆ.

ಹತ್ತು ನಲವತ್ತಕ್ಕೆ ಕಿಟಕಿಯಲ್ಲಿ ಇನ್ನೊಂದು ಮುಖ. ದಪ್ಪ ಕನ್ನಡಕ, ನರೆತ ಕೂದಲು. “ಏನೋ ಮಾರಾಯಾ, ಒಬ್ಬನೇ ಬೇಜಾರಾ?” ಎಂದು ಕೇಳಿತು. ಅದು ನಾನು. ನಾನು ತಿರುಗಿ ಹೋದ ಮೇಲೆ ಊಳು ಆರು ನಿಮಿಷ. ಇಡೀ ದಿನದಲ್ಲಿ ಅದೇ ಅತಿ ಉದ್ದದ್ದು.

ನಗು ನಿಂತಿತು. ಅಷ್ಟು ನಾಚಿಕೆ ನನಗೆ ನೌಕರಿಯಲ್ಲಿ ಬೇರೆಂದೂ ಆಗಿಲ್ಲ. ಮುಂದಿನದನ್ನು ಚುರುಕಾಗಿ ಬರೆದು ಮುಗಿಸಿದೆ. ಹನ್ನೊಂದೂಕಾಲಿಗೆ ಬಟ್ಟೆ ಒಣಗಿಸಲು ಬಂದ ಸಾವಿತ್ರಕ್ಕ ಮತ್ತೊಮ್ಮೆ, ನಾಲ್ಕು ನಿಮಿಷ. ಹನ್ನೆರಡಕ್ಕೆ ಸರಿಯಾಗಿ ಹೆಗಡೆಯವರು, ಅದು ಕೂಗುತ್ತಿದೆಯೋ ಎಂದು ಪರೀಕ್ಷಿಸಲು. ಅವರು ಬರುವ ತನಕ ನಾಯಿ ಗೊರಕೆ ಹೊಡೆಯುತ್ತಿತ್ತು. ಅವರು ಚಪ್ಪಾಳೆ ತಟ್ಟಿ ಎಬ್ಬಿಸಿ, ‘ಎಂತದು’ ಎಂದು ಕೇಳಿ ಹೋದ ಮೇಲೆ ಐದು ನಿಮಿಷ. ಒಂದೂವರೆಗೆ ಕೊನೆಯ ಮನೆಯ ಲಾರಿ ಡ್ರೈವರು ಊಟ ಮುಗಿಸಿ ಬಂದು ಬಿಸ್ಕೆಟು ಕೊಟ್ಟು ಹೋದರು. ಮೂರು ನಿಮಿಷ. ಎರಡು ಐವತ್ತೈದಕ್ಕೆ ಬೀಗದ ಶಬ್ದ, ರೇಣುಕಾ ಬಂದಳು.

ಕೂಡಿಸಿದರೆ ಏಳು ಭೇಟಿ, ಇಪ್ಪತ್ತೇಳು ನಿಮಿಷದ ಊಳು. ಪ್ರತಿಯೊಂದೂ ಯಾರೋ ಮಾತಾಡಿಸಿ ಹೊರಟುಹೋದ ಬೆನ್ನಿಗೇ. ಉಳಿದ ಎಂಟು ಗಂಟೆಗೂ ಹೆಚ್ಚು ಕಾಲ ಅದು ಆರಾಮಾಗಿ ಮಲಗಿತ್ತು. ಸಾಕ್ಷಿಗಳೆಲ್ಲ ನಿಜವನ್ನೇ ಹೇಳಿದ್ದರು. ಅವರವರು ಹೋದ ಕೂಡಲೇ ಅದು ಕೂಗಿತ್ತು, ಅವರವರು ಅದನ್ನೇ ಕೇಳಿದ್ದರು. ಕೂಗದೆ ಮಲಗಿದ್ದನ್ನು ಯಾರೂ ನೋಡಿರಲಿಲ್ಲ, ಯಾಕೆಂದರೆ ಅದನ್ನು ನೋಡಬೇಕೆಂದರೆ ನೋಡಲು ಹೋಗಬಾರದು. ರೇಣುಕಾ ಅದನ್ನು ದಿನಕ್ಕೆ ಒಮ್ಮೆ ಬಿಟ್ಟು ಹೋಗುತ್ತಿದ್ದಳು, ಅದು ಅದಕ್ಕೆ ಆರು ವರ್ಷದಿಂದ ರೂಢಿ. ನಾವು ಏಳು ಸಲ ಬಿಟ್ಟು ಹೋಗುತ್ತಿದ್ದೆವು.

ಇದು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು ಎಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಮಾತಾಡಿಸುವುದು ಎಂದರೆ ಬರೀ ಮಾತಲ್ಲ. ಮದುವೆಮನೆಯಲ್ಲಿ ಊಟ ಕಡಿಮೆಯಾದರೂ ಸಹಿಸುತ್ತೇವೆ, ‘ಎದುರಿಂದ ಹೋದರೂ ಮಾತಾಡಿಸಲಿಲ್ಲ’ ಎನ್ನುವುದನ್ನು ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತೇವೆ. ಮನೆಯಲ್ಲಿ ಒಬ್ಬರೇ ಇದ್ದಾರೆ ಎಂದು ಗೊತ್ತಾದರೆ ಜೊತೆಗೆ ಯಾರನ್ನಾದರೂ ಕಳಿಸುತ್ತೇವೆ. ಒಂಟಿ ಜೀವ ಒಂದು ಕಿಟಕಿಯ ಹಿಂದೆ ಇದೆ ಎಂದು ತಿಳಿದ ಮೇಲೆ ಸುಮ್ಮನೆ ದಾಟಿ ಹೋಗಲು ಸಾವಿತ್ರಕ್ಕನಿಂದ ಆಗುತ್ತಿರಲಿಲ್ಲ. ಮೂವತ್ತು ವರ್ಷದ ಡಾಕ್ಟರಿಂದಲೂ ಆಗಲಿಲ್ಲ.

ಭಾನುವಾರ ಸಂಜೆ ಹೆಗಡೆಯವರ ಜಗಲಿಯಲ್ಲಿ ಚಾಳಿನವರನ್ನು ಕೂಡಿಸಿದೆ. ರೇಣುಕಾ ಕಂಬಕ್ಕೆ ಒರಗಿ ನಿಂತಿದ್ದಳು, ಮುಖ ಬಿಗಿದಿತ್ತು. ಉಪನ್ಯಾಸ ಮಾಡದೆ ವಿಡಿಯೋದ ಏಳು ತುಂಡುಗಳನ್ನೂ ತೋರಿಸಿದೆ. ಮೊದಲು ನಗೆಯೋ ನಗೆ. ಹೂವಿನವಳ ಮುಖ ಬಂದಾಗ ನಕ್ಕರು, ಡ್ರೈವರು ಬಂದಾಗ ನಕ್ಕರು, ನಾನು ಬಂದಾಗ ಇನ್ನೂ ಜೋರಾಗಿ ನಕ್ಕರು. ಹೆಗಡೆಯವರು ತಾವು ಚಪ್ಪಾಳೆ ತಟ್ಟುವುದನ್ನು ಎರಡು ಸಲ ಹಾಕಿಸಿ ನೋಡಿದರು, ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. ಸಾವಿತ್ರಕ್ಕ ಮಾತ್ರ ನಗಲಿಲ್ಲ.

“ಹಂಗಾದ್ರೆ ಅದನ್ನ ಕೂಗ್ಸಿದ್ದು ಆನೇ ಹೇಳಿ ಆತು” ಎಂದರು ಮೆಲ್ಲಗೆ.

ಅವರಿಗೆ ಪೆಟ್ಟಾಗಿದೆ ಎಂದು ಗೊತ್ತಾಯಿತು. ಒಂದೇ ಸಲಕ್ಕೆ ಎಲ್ಲರಿಗಿಂತ ಹೆಚ್ಚು ಕೂಗಿಸಿದ್ದು ನಾನು, ಆರು ನಿಮಿಷ, ನಿಮ್ಮದು ಸಲಕ್ಕೆ ನಾಲ್ಕೇ ನಾಲ್ಕು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಒಂದು ಜೀವ ಒಳಗಿದೆ ಎಂದು ಗೊತ್ತಿದ್ದೂ ಮಾತಾಡಿಸದೆ ಹೋಗುವುದು ಹೇಗೆ ಎಂದು ಕೇಳಿದರು. ಆರು ದಿನದ ಮಟ್ಟಿಗೆ ಒಂದು ಔಷಧ ಎಂದುಕೊಳ್ಳಿ, ಸೋಮವಾರದಿಂದ ಶನಿವಾರದ ತನಕ, ಬೆಳಿಗ್ಗೆ ಆರರಿಂದ ಮೂರರ ಒಳಗೆ ಯಾರೂ ಆ ಕಿಟಕಿಗೆ ಹೋಗಬೇಡಿ, ತಿಂಡಿ ಕೊಡಬೇಡಿ, ಮಾತಾಡಿಸಬೇಡಿ ಎಂದು ಹೇಳಿದೆ. ಶನಿವಾರವೂ ಅದು ಕೂಗಿದರೆ ಕಳಿಸಬೇಕು ಎಂದು ನಾನೇ ಬರೆದುಕೊಡುತ್ತೇನೆ ಎಂದು ಹೆಗಡೆಯವರಿಗೆ ಮಾತು ಕೊಟ್ಟೆ. ರೇಣುಕಾ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ನಾಯಿಯನ್ನು ನಾನು ಪಣಕ್ಕೆ ಇಟ್ಟಿದ್ದೆ, ಅವಳನ್ನು ಕೇಳದೆಯೇ.

ಸೋಮವಾರ ಹನ್ನೆರಡೂವರೆಗೆ ನಾನು ಹಳ್ಳಿಯ ಕೊಟ್ಟಿಗೆಯೊಂದರಲ್ಲಿ ಹೋರಿಯ ಕುತ್ತಿಗೆಗೆ ಸೂಜಿ ಹಿಡಿದಿದ್ದಾಗ ಹೆಗಡೆಯವರ ಫೋನು ಬಂತು. ಎಂಟು ಇಪ್ಪತ್ತಕ್ಕೆ ಸರಿಯಾಗಿ, ಯಾರೂ ಹೋಗದೆಯೇ, ನಾಯಿ ಕೂಗಿದೆ. ಹನ್ನೆರಡಕ್ಕೂ ಕೂಗಿದೆ. ಮೊದಲಿಗಿಂತ ಜೋರಾಗಿದೆ. ಮಾತಾಡಿಸಿದ್ದೇ ಲೇಸಾಗಿತ್ತಲ್ಲವೇ ಎಂದರು. ರೇಣುಕಾ ಅವತ್ತೂ ಹಚ್ಚಿಟ್ಟಿದ್ದ ವಿಡಿಯೋವನ್ನು ಸಂಜೆ ನೋಡಿದರೆ ಅವರ ಮಾತು ನಿಜ: ಇಪ್ಪತ್ತೇಳು ಇದ್ದಿದ್ದು ಮೂವತ್ತೆಂಟು ನಿಮಿಷ ಆಗಿತ್ತು. ಹೀಗಾಗುತ್ತದೆ ಎಂದು ಟಿಪ್ಪಣಿಯಲ್ಲಿ ಓದಿದ್ದೆ. ಸಿಗುತ್ತಿದ್ದದ್ದು ನಿಂತಾಗ ಪ್ರಾಣಿ ಮೊದಲು ಇನ್ನಷ್ಟು ಜೋರಾಗಿ ಕೇಳುತ್ತದೆ, ಕರೆಂಟು ಹೋದಾಗ ನಾವು ಸ್ವಿಚ್ಚನ್ನು ನಾಲ್ಕು ಸಲ ಒತ್ತಿ ನೋಡುವ ಹಾಗೆ. ಓದಿದ್ದು ನಿಜ, ಆದರೂ ನನ್ನ ಒಣ ಹೆಮ್ಮೆಗೆ ಆ ಹೆಂಗಸು ತನ್ನ ನಾಯಿಯನ್ನು ಕಳೆದುಕೊಂಡರೆ ಏನು ಗತಿ ಎಂದು ಅನ್ನ ಸೇರಲಿಲ್ಲ. ರೇಣುಕಾಳಿಗೆ ಫೋನು ಮಾಡಿ, ಇದು ಇನ್ನೂ ಎರಡು ದಿನ ಇರಬಹುದು, ಹೆದರಬೇಡ ಎಂದೆ. “ನೀವು ಹೆದರಬ್ಯಾಡ್ರಿ ಮೇಡಂ” ಎಂದಳು ಅವಳು.

ಮಂಗಳವಾರ ಮೂವತ್ತೊಂದು ನಿಮಿಷ. ಬುಧವಾರ ಹದಿನಾಲ್ಕು. ಆ ದಿನ ಸಂಜೆ ಚಾಳಿಗೆ ಹೋದಾಗ ಒಂದು ವಿಚಿತ್ರ ಕಂಡೆ. ಸಾವಿತ್ರಕ್ಕ ತುಂಬಿದ ಕೊಡ ಸೊಂಟಕ್ಕೆ ಇಟ್ಟುಕೊಂಡು ಮನೆಗಳ ಹಿಂದಿನ ಕಲ್ಲು ದಾರಿಯಲ್ಲಿ, ಹಿತ್ತಿಲ ಬೇಲಿ ಬಳಸಿಕೊಂಡು ಬರುತ್ತಿದ್ದರು. ಮುಂದಿನ ಓಣಿಯಲ್ಲಿ ಮೂವತ್ತು ಹೆಜ್ಜೆಯ ನಲ್ಲಿ, ಹಿಂದಿನಿಂದ ನೂರರ ಮೇಲೆ. ಮೂರು ಗಂಟೆ ದಾಟಿದೆ, ಈಗ ಯಾಕೆ ಈ ಸುತ್ತು ಎಂದು ಕೇಳಿದೆ. ಮೂರು ದಿನದಿಂದ ಹೊತ್ತು ನೋಡದೆ ಇದೇ ದಾರಿ ರೂಢಿಯಾಗಿತ್ತಂತೆ.

“ಎದುರಿಂದ ಹೋಗಿ ಮಾತಾಡ್ಸದ್ದೆ ಇಪ್ಪದು ನನ್ನ ಕೈಲಿ ಆಗ್ತಿಲ್ಲೆ ಡಾಕ್ಟ್ರಕ್ಕ. ಅದ್ಕೆ ಕಾಣದ್ದೆ ಹೋಗ್ತೆ” ಎಂದರು.

ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವ ಹೆಂಗಸು. ದಿನಕ್ಕೆ ಎಂಟು ಕೊಡ ನೀರು. ನಾನು ಆರು ದಿನದ ಔಷಧ ಎಂದು ಸಲೀಸಾಗಿ ಬರೆದುಕೊಟ್ಟದ್ದನ್ನು ನಿಜವಾಗಿ ಕುಡಿದವರು ಅವರು. ಆ ಕೊಡ ಇಸಿದುಕೊಂಡು ಮನೆಯ ತನಕ ಹೊತ್ತು ತಂದುಕೊಟ್ಟೆ. ಬೇಡ ಬೇಡ ಎಂದು ಗದರಿದರು, ಕೊನೆಗೆ ಬಿಟ್ಟುಕೊಟ್ಟರು.

ಗುರುವಾರ ಆರು ನಿಮಿಷ. ಶುಕ್ರವಾರ ಎರಡು. ಶನಿವಾರದ ವಿಡಿಯೋವನ್ನು ಹೆಗಡೆಯವರೇ ಬೇಕೆಂದು ನನ್ನ ಪಕ್ಕದಲ್ಲಿ ಕೂತು ನೋಡಿದರು. ಎಂಟು ಇಪ್ಪತ್ತು ಆಯಿತು. ನಾಯಿ ಒಂದು ಕಿವಿ ಎತ್ತಿತು. ಕಿಟಕಿಯತ್ತ ನೋಡಿತು. ಮತ್ತೆ ಅಂಗಿಯಲ್ಲಿ ಮೂತಿ ಹುದುಗಿಸಿತು. ಹನ್ನೆರಡಾಯಿತು, ಮಗುಚಿ ಮಲಗಿತು. ಇಡೀ ದಿನ ಸೊನ್ನೆ. ಹೆಗಡೆಯವರು ಎದ್ದು ನಿಂತು, ಸರ್ಟಿಫಿಕೇಟು ಈಗಲೇ ಬರೆಯಿರಿ, ಓದಿ ಹೇಳುತ್ತೇನೆ ಎಂದರು.

ಹಳೆಯದನ್ನು ಹರಿದು ಹಾಕಿ, ಜಗಲಿಯಲ್ಲೇ ಕೂತು ಹೊಸತು ಬರೆದೆ. ಹೆಗಡೆಯವರು ಚಾಳಿನವರ ಎದುರು ಗಟ್ಟಿಯಾಗಿ ಓದಿದರು: ‘ರೇಣುಕಾ ಇವರ ಲಗೇಜು ಎಂಬ ನಾಟಿ ನಾಯಿ, ವಯಸ್ಸು ಆರು ವರ್ಷ, ಇದನ್ನು ಏಳು ದಿನ ವಿಡಿಯೋ ಮೂಲಕ ಪರೀಕ್ಷಿಸಲಾಗಿದೆ. ಸದರಿ ನಾಯಿ ಬೆಳಿಗ್ಗೆ ಆರರಿಂದ ಮೂರು ಗಂಟೆಯ ತನಕ ಒಂಟಿಯಾಗಿ ಇರಬಲ್ಲದು. ಇದನ್ನು ಮಾತಾಡಿಸಬಯಸುವವರು ಮೂರು ಗಂಟೆಯ ನಂತರ ಬರತಕ್ಕದ್ದು.’ ಕೊನೆಯ ವಾಕ್ಯಕ್ಕೆ ಸೀಲು ಒತ್ತುವಾಗ ನನಗೂ ನಗು ತಡೆಯಲಿಲ್ಲ. ರೇಣುಕಾ ಕಾಗದ ತೆಗೆದುಕೊಂಡು, ಬಸ್ಸಿನಲ್ಲಿ ನೋಟು ಪರೀಕ್ಷಿಸುವಂತೆ ಎರಡೂ ಬದಿ ತಿರುಗಿಸಿ ನೋಡಿದಳು. ಒಳಗೆ ಹೋಗಿ ನಾಯಿಯ ಕುತ್ತಿಗೆಗೆ ಕೈ ಹಾಕಿ ಕೂತು ಅತ್ತಳು. ಎಕ್ಕಂಬಿಯವರಿಗೆ ಬೇರೆ ನಾಯಿ ನೋಡಿಕೊಳ್ಳಿ ಎಂದು ಫೋನು ಮಾಡಿದವರು ಹೆಗಡೆಯವರೇ. ಸಾವಿತ್ರಕ್ಕ ಮಾರನೆಯ ದಿನದಿಂದ ಸಂಜೆ ನಾಲ್ಕಕ್ಕೆ ದೋಸೆ ಹಿಡಿದು ಬಾಗಿಲಿನಿಂದಲೇ ಒಳಗೆ ಬರತೊಡಗಿದರು, ಅರ್ಧ ಗಂಟೆ ಕೂತು ಎಲ್ಲ ಸುದ್ದಿ ಹೇಳಿ ಹೋಗುತ್ತಾರಂತೆ.

ನನ್ನ ನೌಕರಿಯಲ್ಲಿ ಇದಕ್ಕಿಂತ ದೊಡ್ಡ ಕೇಸುಗಳಿದ್ದವು. ಹಟ್ಟಿಗೆ ಹಟ್ಟಿಯೇ ಉಳಿದದ್ದಿದೆ, ಕೈ ಮೀರಿ ಹೋದದ್ದೂ ಇದೆ. ಆದರೆ ಹೆಮ್ಮೆ ಎಂದಾಗ ಮೊದಲು ನೆನಪಾಗುವುದು ಈ ನಾಟಿ ನಾಯಿ. ಒಂದು ಜೀವ ಒಂಟಿಯಾಗಿ ಇರಬಲ್ಲದೋ ಇಲ್ಲವೋ ಎಂದು ತೀರ್ಮಾನ ಮಾಡುವ ಮೊದಲು, ಅದನ್ನು ಒಂಟಿಯಾಗಿ ಇರಲು ನಾವು ಬಿಟ್ಟಿದ್ದೇವೆಯೇ ಎಂದು ನೋಡಬೇಕು. ಪರೀಕ್ಷೆ ಮಾಡಲು ಹೋದವರೂ ಪರೀಕ್ಷೆಯ ಭಾಗವೇ ಆಗಿಬಿಡುತ್ತಾರೆ. ಈ ಪಾಠ ನನಗೆ ಕಾಲೇಜು ಕಲಿಸಲಿಲ್ಲ, ಯಲ್ಲಾಪುರದ ಒಂದು ಓಣಿ ಕಲಿಸಿತು.

ಎರಡು ವರ್ಷದ ಮೇಲೆ ನಿವೃತ್ತಳಾದೆ. ಸನ್ಮಾನದ ಮಾರನೆಯ ದಿನ ಊರು ಬಿಡುವ ಮೊದಲು ಗುರುತಿನವರಿಗೆಲ್ಲ ಹೇಳಿ ಬರೋಣವೆಂದು ಮನೆ ಮನೆಗೆ ಹೋದೆ. ಚಾಳಿಗೆ ಹೋದಾಗ ಬೆಳಿಗ್ಗೆ ಹನ್ನೊಂದು. ಹೆಗಡೆಯವರಿಗೆ ಹೇಳಿದೆ, ಸಾವಿತ್ರಕ್ಕನಿಗೆ ಹೇಳಿದೆ. ರೇಣುಕಾ ಹುಬ್ಬಳ್ಳಿ ಬಸ್ಸಿನಲ್ಲಿದ್ದಳು, ಅವಳಿಗೆ ಹಿಂದಿನ ದಿನವೇ ಹೇಳಿಯಾಗಿತ್ತು. ವಾಪಸ್ಸು ಬರುವಾಗ ಆ ಕಿಟಕಿಯ ಎದುರೇ ದಾರಿ. ಮೆಲ್ಲಗೆ ಇಣುಕಿದೆ. ಲಗೇಜು ಖಾಕಿ ಅಂಗಿಯ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿತ್ತು, ಹೊಟ್ಟೆ ಏರಿ ಇಳಿಯುತ್ತಿತ್ತು. ಹೋಗಿ ಬರುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇನ್ನು ಈ ಓಣಿಗೆ ಬರುವುದು ಯಾವಾಗಲೋ, ಬರುತ್ತೇನೋ ಇಲ್ಲವೋ. ಬಾಯಿ ಮುಚ್ಚಿಕೊಂಡು, ಚಪ್ಪಲಿಯ ಸದ್ದಾಗದಂತೆ ದಾಟಿ ಬಂದೆ. ಓಣಿಯ ತಿರುವಿನ ತನಕ ಕಿವಿಗೊಟ್ಟೆ. ಹಿಂದಿನಿಂದ ಏನೂ ಕೇಳಲಿಲ್ಲ.